ಫಾರ್ಮ್ಯಾಟ್ ಮಾಡ್ಬಿಡಿ ಸಾರ್

ಈ ಮೂರು ಪದಗಳ ಮೇಲೆ ನನಗೆ ವಿಪರೀತ ಸಿಟ್ಟಿದೆ. ಕಂಪ್ಯೂಟರ್ ಇಟ್ಟುಕೊಂಡಿರುವ ಯಾರನ್ನೇ ಕೇಳಿ, ಒಮ್ಮೆಯಾದರೂ ಈ ಮಾತು ಅವರ ಕಿವಿಗೆ ಬಿದ್ದಿರುತ್ತೆ. ಆನ್ ಆಗೋದು ನಿಧಾನವಾ? ಫಾರ್ಮ್ಯಾಟ್ ಮಾಡ್ಬಿಡಿ ಸಾರ್. ಆಫ್ ಆಗೋದು ನಿಧಾನವಾ? ಫಾರ್ಮ್ಯಾಟ್ ಮಾಡ್ಬಿಡಿ ಸಾರ್. ರೀಸ್ಟಾರ್ಟ್ ಕೊಟ್ಟು, ಹೋಗಿ ಕಾಫಿ ಕುಡಿದು ಬಂದರೂ ಪರದೆ ಮೇಲೆ ಚುಕ್ಕಿಗಳು ಇನ್ನೂ ಗಿರಗಿರ ತಿರುಗ್ತಾನೇ ಇವೆಯಾ? ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡ್ಬಿಡಿ ಸಾರ್. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡವರ ಗಾದೆ ನಮ್ಮಲ್ಲಿದೆ. ಆದರೆ ಮೂಗು ಕೊಯ್ಯೋದಕ್ಕೆ ಇಂತಿಷ್ಟು ಅಂತ ರೇಟ್ ಬರೆದು ಬೋರ್ಡ್ ಹಾಕೋ ಕಾಲ ಬರುತ್ತೆ ಅಂತ ಆ ಗಾದೆ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೇ ಇದೆ. ಯಾಕೆ ಅಂತ ಹೇಳ್ತೀನಿ.

ತಿಪಟೂರಿನಲ್ಲಿ ನಮ್ಮ ಭಾವನದ್ದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ, ಹನ್ನೊಂದನೇ ದಿನದ ಕಾರ್ಡು, ಎಲ್ಲ ಅಲ್ಲೇ. ಒಂದು ಅಸೆಂಬಲ್ಡ್ ಕಂಪ್ಯೂಟರ್, ಅದರಲ್ಲಿ ವಿಂಡೋಸ್ 10, ಸ್ಕ್ಯಾನರ್ ಸಮೇತದ ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಷೀನು, ವಯಸ್ಸಾದ ಒಂದು ಯುಪಿಎಸ್. ಅಂಗಡಿ ಅಂದ್ರೆ ಇಷ್ಟೇ. ಒಂದು ಸಂಜೆ ಭಾವ ಫೋನ್ ಮಾಡಿದರು.

"ಅಲ್ಲಯ್ಯಾ, ಈ ಕಂಪ್ಯೂಟರ್ ಆಫ್ ಆಗೋಕೆ ನಾಲ್ಕು ನಿಮಿಷ ತಗೊಳ್ತಿದೆ. ಕರೆಂಟ್ ಹೋದ್ರೆ ಯುಪಿಎಸ್ ಕೊಡೋದೇ ಮೂರು ನಿಮಿಷ. ಏನ್ಮಾಡೋದು?"

ಈ ಲೆಕ್ಕವನ್ನು ಒಂದು ಸಲ ಗಮನವಿಟ್ಟು ನೋಡಿ. ನಾಲ್ಕು ನಿಮಿಷ ನಿಧಾನ ಅನ್ನೋದು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವನಿಗೆ ಬರೀ ಕಿರಿಕಿರಿ. ಶಟ್ ಡೌನ್ ಕೊಟ್ಟು ಎದ್ದು ಹೋದರಾಯ್ತು. ಆದರೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಊರಿನಲ್ಲಿ, ಯುಪಿಎಸ್ ಕೀಂ ಕೀಂ ಅಂತ ಬಡ್ಕೊಳ್ತಾ ಇರುವಾಗ, ಅದು ಕಿರಿಕಿರಿ ಅಲ್ಲ. ಆಫ್ ಆಗ್ತಾ ಆಗ್ತಾನೇ ಜೀವ ಹೋಗುವ ಯಂತ್ರ ಅದು. ಭಾವ ಕೇಳಿದ್ದು ಸರಿಯಾದ ಪ್ರಶ್ನೆ. ಅವರಿಗೆ ಅದರ ಗಂಭೀರತೆಯೂ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡೋನು. ನೆಂಟರ ಪಾಲಿಗೆ ಕಂಪ್ಯೂಟರ್ ಡಾಕ್ಟರು. ಆವತ್ತು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. "ಹಳೇದಾಯ್ತಲ್ಲ ಭಾವ, ಒಂದ್ಸಲ ಫಾರ್ಮ್ಯಾಟ್ ಮಾಡಿಸ್ಬಿಡಿ, ಸರಿ ಹೋಗುತ್ತೆ" ಅಂದೆ. ಫೋನ್ ಇಟ್ಟೆ. ಮಾತು ಮುಗಿಸೋಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಭಾವ ಅಲ್ಲೇ ಹತ್ತಿರದ ರಿಪೇರಿ ಅಂಗಡಿಗೆ ತಗೊಂಡು ಹೋದರು. ಆ ಹುಡುಗನೂ ಅದನ್ನೇ ಹೇಳಿದ. "ಡೇಟಾ ಏನಾದ್ರೂ ಇದ್ಯಾ ಸಾರ್?" ಅಂತ ಕೇಳಿದನಂತೆ. "ಎಲ್ಲಾ ಡಿ ಡ್ರೈವಲ್ಲಿದೆ ಕಣಪ್ಪ" ಅಂದರಂತೆ ಭಾವ. ಇಬ್ಬರೂ ಸುಳ್ಳು ಹೇಳಲಿಲ್ಲ. ಪತ್ರಿಕೆಗಳ ಡಿಸೈನು, ಬಿಲ್ ಪುಸ್ತಕದ ಮಾದರಿಗಳು ಎಲ್ಲ ಡಿ ಡ್ರೈವಲ್ಲೇ ಇದ್ದವು. ಆದರೆ ಡೆಸ್ಕ್‌ಟಾಪ್ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡಿದ್ದು ಇರೋದು ಸಿ ಡ್ರೈವಿನ ಹೊಟ್ಟೆಯಲ್ಲಿ ಅಂತ ಭಾವನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಹುಡುಗ ಕೇಳಲೂ ಇಲ್ಲ.

ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್ ಇತ್ತು. ಒಬ್ಬ ನಿವೃತ್ತ ಮೇಷ್ಟ್ರು ಸುತ್ತಮುತ್ತಲ ಊರುಗಳ ಕೆರೆಗಳ ಬಗ್ಗೆ ಬರೀತಿದ್ದ ಪುಸ್ತಕ ಅದು. ಯಾವ ಕೆರೆಗೆ ಯಾರು ಕಟ್ಟೆ ಹಾಕಿಸಿದರು, ತೂಬು ಎಲ್ಲಿತ್ತು, ಕೋಡಿ ಬಿದ್ದಾಗ ನೀರು ಯಾವ ಕಡೆ ಹರೀತಿತ್ತು, ನೀರುಗಂಟಿ ಮನೆತನ ಯಾವುದು, ಇಂಥವು. ಮೂಲ ನೋಟ್‌ಬುಕ್ಕುಗಳಿದ್ದವು, ಅದು ನಿಜ. ಆದರೆ ಒಂದೂವರೆ ವರ್ಷ, ಮಧ್ಯಾಹ್ನ ಅಂಗಡಿ ಖಾಲಿ ಇರೋ ಹೊತ್ತಿಗೆ, ಮೇಷ್ಟ್ರು ಟೈಪ್ ಮಾಡೋ ಹುಡುಗಿಯ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಬಾಯಲ್ಲೇ ಹೇಳಿ ಸೇರಿಸಿದ್ದು, ತಿದ್ದಿಸಿದ್ದು ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಅವರಿಗೆ ಆ ವಿಷಯ ಹೇಳಿದ ಹಿರಿಯರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಫಾರ್ಮ್ಯಾಟ್ ಆಯ್ತು. ಹೊಸ ವಿಂಡೋಸ್ ಬಂತು. ನುಡಿ ತಂತ್ರಾಂಶ ಹೋಗಿದ್ದರಿಂದ ಡಿ ಡ್ರೈವಿನಲ್ಲಿ ಉಳಿದಿದ್ದ ಹಳೇ ಕನ್ನಡ ಫೈಲುಗಳೂ ಎರಡು ದಿನ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದ ಹಾಗೆ ಕಾಣಿಸಿದವು. ನುಡಿ ಹಾಕಿದ ಮೇಲೆ ಅವು ಸರಿ ಹೋದವು. ಫೋಲ್ಡರ್ ಸರಿ ಹೋಗಲಿಲ್ಲ. ಹಳೇ ಜಾಗದ ಮೇಲೆ ಹೊಸ ವಿಂಡೋಸ್ ಕೂತುಬಿಟ್ಟಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿ ಜಾಲಾಡಿದಾಗ ಸಿಕ್ಕಿದ್ದು ಹೆಸರಿಲ್ಲದ ಹತ್ತಾರು ತುಂಡುಗಳು. ಅದರಲ್ಲಿ ಎರಡು ಕೆರೆ ಪೂರ್ತಿ ಇದ್ದವು.

ಇಷ್ಟೆಲ್ಲ ಆಗಿ ಹತ್ತು ದಿನಕ್ಕೆ ಅಕ್ಕ ಫೋನ್ ಮಾಡಿದಳು. "ಮತ್ತೆ ಅದೇ ಕಥೆ ಕಣೋ. ಆಫ್ ಆಗೋಕೆ ನಾಲ್ಕು ನಿಮಿಷ."

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಂಗಡಿಯಲ್ಲಿ ಕೂತು ನೋಡಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ. ವಿಂಡೋಸಿನಲ್ಲಿ ಈವೆಂಟ್ ವ್ಯೂವರ್ ಅಂತ ಒಂದಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದರ ಹೆಸರು ಕಾಣಿಸುತ್ತೆ. ಅದರೊಳಗೆ ಅಪ್ಲಿಕೇಶನ್ಸ್ ಆಂಡ್ ಸರ್ವೀಸಸ್ ಲಾಗ್ಸ್, ಅಲ್ಲಿಂದ ಮೈಕ್ರೋಸಾಫ್ಟ್, ಅಲ್ಲಿಂದ ವಿಂಡೋಸ್, ಅಲ್ಲಿ ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್, ಅದರ ಕೆಳಗೆ ಆಪರೇಶನಲ್. ದಾರಿ ಉದ್ದ, ನಿಜ. ಆದರೆ ಹೋಗಿ ಮುಟ್ಟಿದರೆ ಅಲ್ಲಿ ಒಂದು ಕಡತ ತೆರೆದುಕೊಳ್ಳುತ್ತೆ. 200 ಅನ್ನೋ ನಂಬರಿನ ನಮೂದು ಇದ್ದರೆ ಆ ದಿನ ಶಟ್ ಡೌನ್ ಎಷ್ಟು ಹೊತ್ತು ಹಿಡೀತು ಅನ್ನೋ ಲೆಕ್ಕ. 201 ಅಂದ್ರೆ ಯಾವುದೋ ಪ್ರೋಗ್ರಾಮ್ ತಡ ಮಾಡಿತು. 202 ಅಂದ್ರೆ ಯಾವುದೋ ಸಾಧನದ ಡ್ರೈವರ್. 203 ಅಂದ್ರೆ ಯಾವುದೋ ಸರ್ವೀಸ್. ಒಂದೊಂದರ ಕೆಳಗೂ ತಪ್ಪಿತಸ್ಥರ ಹೆಸರು, ಎಷ್ಟು ಮಿಲಿಸೆಕೆಂಡ್ ತಡ ಅನ್ನೋದೂ ಇರುತ್ತೆ.

ಭಾವನ ಕಂಪ್ಯೂಟರಿನಲ್ಲಿ ಸಾಲಾಗಿ 203. ಎಲ್ಲದರಲ್ಲೂ ಒಂದೇ ಹೆಸರು. ಪ್ರಿಂಟರ್ ಕಂಪನಿಯವರು ಡ್ರೈವರ್ ಜತೆ ಕೇಳದೇ ಒಳಗೆ ಬಿಟ್ಟಿದ್ದ ಒಂದು 'ಸಹಾಯಕ' ಸರ್ವೀಸ್. ಸರಾಸರಿ ಮೂರು ನಿಮಿಷ ತಡ.

ಯಾಕೆ ಅಂತ ಹುಡುಕಿದರೆ ನಗು ಬರಬೇಕು, ನನಗೆ ಬರಲಿಲ್ಲ. ಭಾವ ಮಿತವ್ಯಯದ ಮನುಷ್ಯ. ಸಂಜೆ ಮೊದಲು ಪ್ರಿಂಟರ್ ಸ್ವಿಚ್ ಆರಿಸ್ತಾರೆ, ಆಮೇಲೆ ಕಂಪ್ಯೂಟರ್ ಶಟ್ ಡೌನ್ ಕೊಡ್ತಾರೆ. ಕರೆಂಟ್ ಹೋದಾಗಲೂ ಅಷ್ಟೇ, ಯುಪಿಎಸ್ ಉಳಿಯಲಿ ಅಂತ ಮೊದಲು ಪ್ರಿಂಟರ್ ಆಫ್. ಈ ಸಹಾಯಕನಿಗೆ ಹೊರಡೋ ಮುಂಚೆ ಪ್ರಿಂಟರಿಗೆ ಒಂದು ಮಾತು ಹೇಳಿ ಹೋಗಬೇಕು ಅನ್ನೋ ಚಟ. ಪ್ರಿಂಟರ್ ನಿದ್ದೆಯಲ್ಲಿದೆ. ಇವನು ಕರೀತಾನೇ ಇದ್ದಾನೆ. ಪ್ರಿಂಟರ್ ಆನ್ ಇಟ್ಟೇ ಶಟ್ ಡೌನ್ ಕೊಟ್ಟು ನೋಡಿದೆ. ಒಂದು ನಿಮಿಷದೊಳಗೆ ಆಫ್ ಆಯ್ತು. ಆ ಸರ್ವೀಸನ್ನು ಸರ್ವೀಸಸ್ ಪಟ್ಟಿಯಲ್ಲಿ ಮ್ಯಾನ್ಯುಯಲ್ ಮಾಡಿ, ಪ್ರಿಂಟರ್ ಆಫ್ ಇಟ್ಟು ನೋಡಿದೆ. ಇಪ್ಪತ್ತೈದು ಸೆಕೆಂಡ್. ಪ್ರಿಂಟೂ ಬರುತ್ತೆ, ಸ್ಕ್ಯಾನೂ ಆಗುತ್ತೆ. ಸಹಾಯಕ ಇಲ್ಲದೇ ಯಾರಿಗೂ ಏನೂ ಕಮ್ಮಿ ಆಗಲಿಲ್ಲ.

ಎಲ್ಲ ಸೇರಿ ಹಿಡಿದ ಹೊತ್ತು ಇಪ್ಪತ್ತು ನಿಮಿಷ. ಖರ್ಚು ಸೊನ್ನೆ. ಫಾರ್ಮ್ಯಾಟ್ ಮಾಡಿದ ಹುಡುಗ ಹೊಸ ವಿಂಡೋಸ್ ಮೇಲೆ ಅದೇ ಪ್ರಿಂಟರಿನ ಅದೇ ಪೂರ್ತಿ ಪ್ಯಾಕೇಜನ್ನು ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮತ್ತೆ ಹಾಕಿದ್ದ. ಅಂದ್ರೆ ಫಾರ್ಮ್ಯಾಟಿನಿಂದ ಹೋಗಿದ್ದು ಎರಡೇ. ಮೇಷ್ಟ್ರ ಕೆರೆಗಳು ಮತ್ತು ತಪ್ಪು ಯಾರದು ಅಂತ ಬರೆದಿಟ್ಟಿದ್ದ ಆ ಹಳೇ ಕಡತ. ಕಳ್ಳ ಮಾತ್ರ ಎರಡನೇ ದಿನಕ್ಕೇ ವಾಪಸ್ ಬಂದಿದ್ದ, ನಾವೇ ಬಾಗಿಲು ತೆಗೆದು ಕರೆದುಕೊಂಡಿದ್ದೆವು.

ಇಲ್ಲಿಂದ ಮುಂದೆ ಜಗಳ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಕಂಪ್ಯೂಟರ್ ಆಫ್ ಮಾಡೋದು ಲೈಟ್ ಆರಿಸಿದ ಹಾಗಲ್ಲ, ಮದುವೆ ಮುಗಿದ ಮೇಲೆ ಛತ್ರ ಖಾಲಿ ಮಾಡಿಸಿದ ಹಾಗೆ. ಮೊದಲು ಹಾಲ್‌ನಲ್ಲಿ ಕೂತ ನೆಂಟರು, ಅಂದ್ರೆ ನೀವು ತೆರೆದಿಟ್ಟ ಪ್ರೋಗ್ರಾಮುಗಳು. ವಿಂಡೋಸ್ ಅವುಗಳ ಹತ್ತಿರ ಹೋಗಿ, ಹೊರಡೋ ಹೊತ್ತಾಯ್ತು, ಸಾಮಾನು ಸರಂಜಾಮು ಎತ್ತಿಟ್ಕೊಳ್ಳಿ ಅನ್ನುತ್ತೆ. ಕೆಲವು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ, ಇಂಥವರು ಏಳ್ತಿಲ್ಲ, ಏನ್ಮಾಡ್ಲಿ ಅಂತ ನಿಮ್ಮನ್ನೇ ಕೇಳುತ್ತೆ. ಆಮೇಲೆ ಅಡುಗೆಮನೆಯ ಸರದಿ. ಕಣ್ಣಿಗೆ ಕಾಣದ ಸರ್ವೀಸುಗಳು. ವಿಂಡೋಸ್ ಎಕ್ಸ್‌ಪಿಯಲ್ಲಿ ಇವಕ್ಕೆ ಕೊಡ್ತಿದ್ದ ಗಡುವು 20 ಸೆಕೆಂಡ್. ಈಗ ವಿಂಡೋಸ್ 10ರಲ್ಲಿ 5. ಆದರೆ, ನನ್ನದು ದೊಡ್ಡ ಒಲೆ, ನನಗೆ ಮೊದಲೇ ಹೇಳಿ, ಜಾಸ್ತಿ ಹೊತ್ತು ಬೇಕು ಅಂತ ಮುಂಚೆಯೇ ಅರ್ಜಿ ಹಾಕಿಕೊಳ್ಳೋ ಅವಕಾಶ ವಿಸ್ತಾ ಕಾಲದಿಂದ ಇದೆ. ಡೇಟಾಬೇಸ್ ಥರದ, ನಿಜವಾಗಿಯೂ ದೊಡ್ಡ ಒಲೆ ಇಟ್ಟುಕೊಂಡವರಿಗೆ ಅಂತ ಮಾಡಿದ ಸೌಲಭ್ಯ ಅದು. ಕೊನೆಗೆ ಡ್ರೈವರುಗಳು, ಡಿಸ್ಕಿಗೆ ಬರೆಯೋದು ಬಾಕಿ ಇದ್ದರೆ ಬರೆಯೋದು, ಆಮೇಲೆ ಬೀಗ.

ಈ ಕಾಯುವಿಕೆ ನಿಮ್ಮ ಒಳ್ಳೇದಕ್ಕೆ ಇರೋದು. ಇದನ್ನ ಅರ್ಥ ಮಾಡಿಕೊಳ್ಳದೇ ಕೊಡುವ ಔಷಧಗಳೆಲ್ಲ ವಿಷವೇ.

ಮೊದಲನೇ ವಿಷ, ರಿಜಿಸ್ಟ್ರಿ ಟಿಪ್ಸು. ವಿಡಿಯೋ ನೋಡಿ ಕಲಿತ ಪಂಡಿತರು ಎಲ್ಲ ಊರಿನಲ್ಲೂ ಇದ್ದಾರೆ. ರಿಜಿಸ್ಟ್ರಿಗೆ ಹೋಗಿ, ವೇಟ್ ಟು ಕಿಲ್ ಸರ್ವೀಸ್ ಟೈಮ್ ಔಟ್ ಅನ್ನೋದನ್ನು 5000ದಿಂದ 1000ಕ್ಕೆ ಇಳಿಸಿ, ಆಟೋ ಎಂಡ್ ಟಾಸ್ಕ್ಸ್ ಅನ್ನೋದನ್ನು 1 ಮಾಡಿ, ರಾಕೆಟ್ ಥರ ಆಫ್ ಆಗುತ್ತೆ ಅಂತಾರೆ. ಆಗುತ್ತೆ ಸ್ವಾಮಿ. ಒಲೆ ಮೇಲೆ ಸಾರಿನ ಕೊಳಗ ಕುದೀತಿರುವಾಗಲೇ ಛತ್ರದ ಮೇನ್ ಸ್ವಿಚ್ ತೆಗೆದರೂ ಛತ್ರ ಬೇಗ ಖಾಲಿ ಆಗುತ್ತೆ. ಆಟೋ ಎಂಡ್ ಟಾಸ್ಕ್ಸ್ ಹಾಕಿದರೆ, ಸೇವ್ ಮಾಡಿಲ್ಲವಲ್ಲ, ಏನ್ಮಾಡ್ಲಿ ಅಂತ ಕೇಳ್ತಾ ನಿಂತ ಪ್ರೋಗ್ರಾಮನ್ನೂ ವಿಂಡೋಸ್ ಕತ್ತು ಹಿಡಿದು ಆಚೆ ದಬ್ಬುತ್ತೆ. ಮೂರು ನಿಮಿಷ ಕದ್ದವನು ಒಬ್ಬ, ನೀವು ಗಡುವು ಕಮ್ಮಿ ಮಾಡಿದ್ದು ನಿಯತ್ತಾಗಿದ್ದ ಎಲ್ಲರಿಗೂ.

ಎರಡನೇ ವಿಷ, ಪವರ್ ಬಟನ್. ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಆಫ್ ಆಗುತ್ತೆ, "ಏನೂ ಆಗಲ್ಲ ಸಾರ್, ನಾನು ದಿನಾ ಮಾಡ್ತೀನಿ" ಅನ್ನೋರಿದ್ದಾರೆ. ಹೆಲ್ಮೆಟ್ ಇಲ್ಲದೇ ಇಪ್ಪತ್ತು ವರ್ಷ ಗಾಡಿ ಓಡಿಸಿದವರೂ ಇದ್ದಾರೆ. ವಿಂಡೋಸಿನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಜರ್ನಲ್ ಇಟ್ಟುಕೊಂಡಿರುತ್ತೆ. ಹಠಾತ್ತಾಗಿ ಆಫ್ ಆದರೂ ಕಪಾಟಿನ ಚೌಕಟ್ಟು ಮುರಿದು ಬೀಳದ ಹಾಗೆ ಅದು ಕಾಪಾಡುತ್ತೆ. ಕಪಾಟಿನೊಳಗೆ ಇಡುವುದಕ್ಕೆ ಅಂತ ಕೈಯಲ್ಲಿ ಹಿಡಿದಿದ್ದ ಕಾಗದಕ್ಕೆ ಅದು ಜವಾಬ್ದಾರಿ ಅಲ್ಲ. ಅದರಲ್ಲೂ ಅಪ್‌ಡೇಟ್ ಹಾಕ್ಕೊಳ್ತಾ ಶೇಕಡಾ ಲೆಕ್ಕ ತೋರಿಸ್ತಿರುವಾಗ ಬಟನ್ ಒತ್ತಿ ಹಿಡಿಯೋದು ಶುದ್ಧ ಮೂರ್ಖತನ. ಅದು ನ್ಯಾಯವಾದ ತಡ. ಅಲ್ಲಿ ಕಾಯಲೇಬೇಕು. ಯುಪಿಎಸ್ ಗಟ್ಟಿಯಿಲ್ಲದ ಕಡೆ ಆ ಕೆಲಸಕ್ಕೆ ಕರೆಂಟ್ ನಿಲ್ಲುವ ಹೊತ್ತನ್ನೇ ಆರಿಸಿಕೊಳ್ಳಬೇಕು.

ಮೂರನೇದು ವಿಷ ಅಲ್ಲ, ಆದರೆ ಈ ರೋಗಕ್ಕೆ ಔಷಧವೂ ಅಲ್ಲ. ಎಸ್‌ಎಸ್‌ಡಿ ಹಾಕ್ಸಿಬಿಡಿ ಸಾರ್. ಹಾಕಿಸಿ, ಒಳ್ಳೇದೇ. ಆನ್ ಆಗೋದು ಕಣ್ಣಿಗೆ ಕಾಣೋ ಹಾಗೆ ಚುರುಕಾಗುತ್ತೆ. ಆದರೆ ನಿದ್ದೆಯಲ್ಲಿರೋ ಪ್ರಿಂಟರನ್ನ ಮೂರು ನಿಮಿಷ ಕರೆಯುವವನು ಎಸ್‌ಎಸ್‌ಡಿ ಮೇಲೆ ಕೂತೂ ಮೂರು ನಿಮಿಷವೇ ಕರೀತಾನೆ. ಕಾಯೋದಕ್ಕೆ ಡಿಸ್ಕಿನ ವೇಗದ ಹಂಗಿಲ್ಲ.

ಇನ್ನು ಕೆಲವು ಸಲ ಹಿಂದೊಂದು ಸಲ ಯಾರೋ ಕೊಟ್ಟ ಔಷಧವೇ ಇವತ್ತಿನ ರೋಗ ಆಗಿರುತ್ತೆ. ಸೆಕ್ಯೂರಿಟಿ ಹೆಸರಿನಲ್ಲಿ ಯಾರೋ ಶಟ್ ಡೌನ್ ವೇಳೆ ಪೇಜ್ ಫೈಲ್ ಅಳಿಸೋ ಸೆಟ್ಟಿಂಗ್ ಆನ್ ಮಾಡಿ ಹೋಗಿರ್ತಾರೆ. ಆಗ ಪ್ರತಿ ಸಲ ಆಫ್ ಆಗುವಾಗಲೂ ಆ ಫೈಲಿನ ಉದ್ದಕ್ಕೂ ಸೊನ್ನೆ ಬರೆಯಬೇಕು. ಪೇಜ್ ಫೈಲ್ 8 ಜಿಬಿ ಇದೆ, ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆಯುತ್ತೆ ಅಂತಿಟ್ಕೊಳ್ಳಿ, ಬರೀ ಸೊನ್ನೆ ಸುತ್ತೋದಕ್ಕೇ 80 ಸೆಕೆಂಡ್. ಗುಟ್ಟಿನ ಕಡತ ಇಟ್ಟುಕೊಂಡ ಕಚೇರಿಗೆ ಅದು ಬೇಕು. ಲಗ್ನಪತ್ರಿಕೆ ಅಂಗಡಿಗೆ ಯಾಕೆ?

ರೀಸ್ಟಾರ್ಟ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ತಪ್ಪು ತಯಾರಕರದ್ದೇ. "ಶಟ್ ಡೌನ್ ಮಾಡಿ ಆನ್ ಮಾಡಿದ್ರೆ ಬೇಗ ಬರುತ್ತೆ, ರೀಸ್ಟಾರ್ಟ್ ಕೊಟ್ರೆ ಯುಗ ಹಿಡಿಯುತ್ತೆ, ಏನೋ ಕೆಟ್ಟಿದೆ" ಅಂತ ನನ್ನ ಹತ್ತಿರ ಹೇಳಿದವರಿಗೆ ಲೆಕ್ಕವಿಲ್ಲ. ಏನೂ ಕೆಟ್ಟಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದು ಏರ್ಪಾಡು ಇದೆ. ಅದು ಆನ್ ಇದ್ದರೆ ನೀವು ಶಟ್ ಡೌನ್ ಒತ್ತಿದಾಗ ಯಂತ್ರ ಪೂರ್ತಿ ಮಲಗೋದಿಲ್ಲ. ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚಿ, ವಿಂಡೋಸಿನ ಒಳತಿರುಳನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ನಿಜವಾಗಿ ಎಲ್ಲ ಮುಚ್ಚಿ ಎಲ್ಲ ಹೊಸದಾಗಿ ಶುರು ಮಾಡುತ್ತೆ. ಅದಕ್ಕೇ ಹೊತ್ತು ಜಾಸ್ತಿ.

ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕೆಳಗೆ ಅಪ್ ಟೈಮ್ ನೋಡಿ. ದಿನಾ ರಾತ್ರಿ ಶಿಸ್ತಾಗಿ ಆಫ್ ಮಾಡುವವರ ಯಂತ್ರದಲ್ಲೂ ಮೂವತ್ತು ದಿನ, ನಲವತ್ತು ದಿನ ಅಂತ ಇರುತ್ತೆ. ಅಂದ್ರೆ ಒಂದು ತಿಂಗಳಿಂದ ಅದು ಪೂರ್ತಿ ನಿದ್ದೆ ಮಾಡಿಲ್ಲ. ಒಳಗೆ ಎಡವಟ್ಟಾದ ಡ್ರೈವರ್ ಒಂದು ತಿಂಗಳಿಂದ ಎಡವಟ್ಟಾಗಿಯೇ ಇದೆ. ಬೇಗ ಆನ್ ಆಗಲಿ ಅಂತ ಮಾಡಿದ್ದು ಸರಿ. ಆದರೆ ಶಟ್ ಡೌನ್ ಅಂತ ಹೆಸರು ಬರೆದು, ಒಳಗೆ ಬೇರೇನೋ ಮಾಡಿ, ಬಳಸುವವನಿಗೆ ಒಂದು ಮಾತೂ ಹೇಳದಿದ್ದರೆ ಅದಕ್ಕೆ ಏನನ್ನಬೇಕು? ನಿಜವಾಗಿ ಪೂರ್ತಿ ಆಫ್ ಆಗಬೇಕಿದ್ದರೆ ಶಿಫ್ಟ್ ಕೀ ಒತ್ತಿಕೊಂಡು ಶಟ್ ಡೌನ್ ಕೊಡಬೇಕು. ಅದನ್ನು ಎಲ್ಲಿ ಬರೆದಿದ್ದಾರೆ? ಬಟನ್ ಪಕ್ಕದಲ್ಲಂತೂ ಇಲ್ಲ.

ತಯಾರಕರ ಮಾತು ಬಂದಿದ್ದಕ್ಕೆ ಹಳೇ ಕಥೆ ಒಂದು. 1983ರಲ್ಲಿ ಮೆಕಿಂಟಾಷ್ ತಯಾರಾಗ್ತಿದ್ದಾಗ ಸ್ಟೀವ್ ಜಾಬ್ಸ್, ಲ್ಯಾರಿ ಕೆನ್ಯನ್ ಎಂಬ ಇಂಜಿನಿಯರ್ ಹತ್ತಿರ ಹೋಗಿ, ಇದು ಆನ್ ಆಗೋದು ತುಂಬಾ ನಿಧಾನ ಅಂತ ತಕರಾರು ತೆಗೆದರಂತೆ. ಆ ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಇದನ್ನು ಬರೆದಿಟ್ಟಿದ್ದಾರೆ. ಜಾಬ್ಸ್ ಕೊಟ್ಟ ಲೆಕ್ಕ ಹೀಗೆ: ಮುಂದೆ 50 ಲಕ್ಷ ಜನ ಇದನ್ನು ಬಳಸ್ತಾರೆ ಅಂತಿಟ್ಕೋ, ಒಬ್ಬೊಬ್ಬರಿಗೆ ದಿನಕ್ಕೆ 10 ಸೆಕೆಂಡ್ ಉಳಿಸಿದರೂ ದಿನಕ್ಕೆ 5 ಕೋಟಿ ಸೆಕೆಂಡ್ ಆಯ್ತು, ವರ್ಷಕ್ಕೆ ಎಷ್ಟು ಜನರ ಆಯುಸ್ಸು ಉಳಿಸಿದ ಹಾಗಾಯ್ತು ನೋಡು. ಒಂದೆರಡು ತಿಂಗಳಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚೇ ಉಳಿಸಿದರಂತೆ. ಜಾಬ್ಸ್ ದೇವರೇನಲ್ಲ, ತನ್ನ ಕೆಲಸಗಾರರಿಂದ ದುಡಿಸಿಕೊಳ್ಳೋ ಉಪಾಯವೂ ಅದರಲ್ಲಿತ್ತು. ಆದರೆ ಬಳಸುವವನ ಹತ್ತು ಸೆಕೆಂಡಿಗೆ ಬೆಲೆ ಇದೆ ಅಂತ ಒಬ್ಬ ಲೆಕ್ಕ ಹಾಕಿದ್ದನಲ್ಲ.

ಈಗ ಪ್ರಿಂಟರ್ ಕಂಪನಿಯ ಲೆಕ್ಕ ಹಾಕೋಣ. ಭಾವನ ಅಂಗಡಿ ವರ್ಷಕ್ಕೆ 300 ದಿನ ತೆಗೆದಿರುತ್ತೆ. ದಿನಕ್ಕೆ ಒಂದೇ ಸಲ ಆಫ್ ಮಾಡಿದರೂ ಮೂರು ನಿಮಿಷದಂತೆ 900 ನಿಮಿಷ, ಅಂದ್ರೆ 15 ಗಂಟೆ. ಒಂದೂವರೆ ದಿನದ ದುಡಿಮೆ. ಇದನ್ನು ಕೇಳದೇ ಕಿತ್ತುಕೊಂಡಿದ್ದು ಇಂಕ್ ಮುಗೀತು, ಹೊಸದು ಕೊಳ್ಳಿ ಅಂತ ನೆನಪಿಸೋಕೆ ಕೂತಿದ್ದ ಒಂದು ಸರ್ವೀಸ್. ಪ್ರಿಂಟರಿಗೆ ಬೇಕಿರೋದು ಡ್ರೈವರ್ ಮಾತ್ರ. ಅದರ ಬೆನ್ನಿಗೆ ಸಹಾಯಕ, ಅಪ್‌ಡೇಟ್ ನೋಡುವವನು, ಸಮೀಕ್ಷೆ ಮಾಡುವವನು ಅಂತ ದಿಬ್ಬಣವೇ ಒಳಗೆ ನುಗ್ಗುತ್ತೆ. ಪ್ರಿಂಟರ್ ಮಾತ್ರ ಅಂತಲ್ಲ. ಮೊಬೈಲ್ ಜೋಡಿಸೋ ಸಾಫ್ಟ್‌ವೇರ್, ಪುಕ್ಕಟೆ ಆಂಟಿವೈರಸ್, ಡಿಜಿಟಲ್ ಸಹಿಯ ಟೋಕನ್ನಿನ ಪ್ರೋಗ್ರಾಮ್, ಎಲ್ಲರದ್ದೂ ಇದೇ ಚಾಳಿ. ಬರುವಾಗ ಒಂದು ಬಾಗಿಲು, ಹೋಗುವಾಗ ಬಾಗಿಲೇ ಗೊತ್ತಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದು ಹೇಗೆ ಆಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. ವಿಂಡೋಸ್ ವಿಸ್ತಾದ ಶಟ್ ಡೌನ್ ಮೆನು ಮೇಲೆ ಕೆಲಸ ಮಾಡಿದ್ದ ಮೋಯ್ಶೆ ಲೆಟ್ವಿನ್ 2006ರಲ್ಲಿ ಬರೆದಿದ್ದರು. ಆ ಪುಟ್ಟ ಮೆನುವಿನ ಬಗ್ಗೆ ಮಾತಾಡುವ ಹಕ್ಕಿದ್ದವರು ಅವರ ಲೆಕ್ಕದಲ್ಲಿ 43 ಜನ. ಹತ್ತಾರು ಬಾಣಂತಿಯರ ನಡುವೆ ಕೂಸು ಬಡವಾಯ್ತು. ಎಲ್ಲರಿಗೂ ಹಕ್ಕಿದೆ ಅಂದ್ರೆ ಯಾರಿಗೂ ಹೊಣೆಯಿಲ್ಲ ಅಂತ.

ಆದರೆ ತಯಾರಕರನ್ನು ಬೈದು ಮುಗಿಸಿದರೆ ನನ್ನ ಜಗಳ ಅರ್ಧಕ್ಕೇ ನಿಂತ ಹಾಗೆ. ನಮ್ಮ ಊರಿನ ರಿಪೇರಿ ಅಂಗಡಿ ಹುಡುಗನ ಹತ್ತಿರ ನಾನು ಹೋಗಿದ್ದೆ. ಜಗಳ ಮಾಡೋಕೇ ಹೋಗಿದ್ದೆ. ಅವನು ಹೇಳಿದ್ದು ಕೇಳಿ ಬಾಯಿ ಕಟ್ಟಿತು.

"ಸಾರ್, ಫಾರ್ಮ್ಯಾಟಿಗೆ ಜನ ದುಡ್ಡು ಕೊಡ್ತಾರೆ. ಅರ್ಧ ಗಂಟೆ ಕೂತು ಹುಡುಕಿ, ಒಂದು ಟಿಕ್ ತೆಗೆದು ಸರಿ ಮಾಡಿಕೊಟ್ರೆ, ಅಷ್ಟೇನಾ, ಇದಕ್ಕೆ ಯಾಕಪ್ಪ ದುಡ್ಡು ಅಂತಾರೆ."

ಇದು ಸತ್ಯ. ನಾವು ಕೈ ಆಡಿಸಿದ್ದಕ್ಕೆ ಕೂಲಿ ಕೊಡ್ತೀವಿ, ಕಣ್ಣು ಆಡಿಸಿದ್ದಕ್ಕೆ ಕೊಡೋದಿಲ್ಲ. ಹುಡುಕೋದಕ್ಕೆ ರೇಟ್ ಇಲ್ಲ, ಕೆಡವೋದಕ್ಕೆ ಇದೆ. ಹಾಗಿದ್ದ ಮೇಲೆ ಅವನು ಯಾಕೆ ಹುಡುಕ್ತಾನೆ? ಇದೇ ಭಾವ, ಬೈಕ್ ಶಬ್ದ ಮಾಡಿದಾಗ ಮೆಕ್ಯಾನಿಕ್ ಹತ್ತಿರ ನಿಂತು, "ಎಲ್ಲಿಂದ ಬರ್ತಿದೆ ನೋಡಪ್ಪ" ಅಂತಾರೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳ್ತಾನೆ. ಶಬ್ದ ಬಂತು ಅಂತ ಇಂಜಿನ್ನನ್ನೇ ಇಳಿಸಿ ಹೊಸದು ಕೂರಿಸಿ ಅಂತ ಅವನು ಹೇಳಿದರೆ ಭಾವ ಗಾಡಿ ತಳ್ಳಿಕೊಂಡು ಬೇರೆ ಅಂಗಡಿಗೆ ಹೋಗ್ತಾರೆ. ಬೈಕಿನ ವಿಷಯದಲ್ಲಿ ನಮಗಿರೋ ಈ ಧೈರ್ಯ ಕಂಪ್ಯೂಟರ್ ಮುಂದೆ ಎಲ್ಲಿ ಹೋಗುತ್ತೆ? ಒಳಗೆ ಏನೋ ಮಾಯ ಇದೆ, ಅದು ಕೆಟ್ಟರೆ ಕಾರಣ ಇರೋದಿಲ್ಲ, ಮುನಿಸಿಕೊಂಡಿರುತ್ತೆ ಅಷ್ಟೇ ಅನ್ನೋ ಹಾಗೆ ತಲೆಬಾಗ್ತೀವಿ. ಮಾಯ ಏನೂ ಇಲ್ಲ. ಅದರಷ್ಟು ಲೆಕ್ಕ ಬರೆದಿಡೋ ಯಂತ್ರ ಇನ್ನೊಂದಿಲ್ಲ.

"ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು" ಅಂತ ನೀವು ಅಂತೀರಿ. ಹೌದು, ಇಟ್ಟುಕೊಳ್ಳಬೇಕಿತ್ತು. ಆದರೆ ಅಪಘಾತ ಮಾಡಿದವನು, ನೀವು ಇನ್ಶೂರೆನ್ಸ್ ಮಾಡಿಸಿರಬೇಕಿತ್ತು ಅಂದ ಹಾಗಿದೆ ಆ ಮಾತು. ಇಲ್ಲಿ ಡಿಸ್ಕ್ ಕೆಡಲಿಲ್ಲ, ಸಿಡಿಲು ಬಡೀಲಿಲ್ಲ, ಕಳ್ಳತನ ಆಗಲಿಲ್ಲ. ಗಟ್ಟಿಮುಟ್ಟಾಗಿದ್ದ ಡಿಸ್ಕನ್ನು, ಬೇಡದ ಕೆಲಸಕ್ಕೆ, ನಾವೇ ಅಳಿಸಿದ್ದು.

ಫಾರ್ಮ್ಯಾಟ್ ಯಾವತ್ತೂ ಬೇಡ ಅಂತ ನಾನು ಹೇಳ್ತಿಲ್ಲ. ವೈರಸ್ ಬೇರು ಬಿಟ್ಟಿದ್ದರೆ, ವಿಂಡೋಸಿನ ಫೈಲುಗಳೇ ನಿಜವಾಗಿ ಹಾಳಾಗಿದ್ದರೆ, ಯಂತ್ರ ಬೇರೆಯವರ ಕೈಗೆ ಹೋಗ್ತಿದ್ದರೆ ಮಾಡಿ. ನನ್ನ ತಕರಾರು ಅದನ್ನು ಮೊದಲನೇ ಉತ್ತರ ಮಾಡಿಕೊಂಡಿರೋದರ ಬಗ್ಗೆ. ಅದು ಕೊನೇ ಉತ್ತರ ಆಗಿರಬೇಕು. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ, ಯಾರಿಂದ ತಡ ಆಗ್ತಿದೆ? ಉತ್ತರ ಹೇಳೋಕೆ ಆಗದವನಿಗೆ ಯಂತ್ರ ಕೊಡಬೇಡಿ. ಹುಡುಕಿ ಉತ್ತರ ಹೇಳಿದವನಿಗೆ ಫಾರ್ಮ್ಯಾಟಿಗೆ ಕೊಡೋವಷ್ಟೇ ದುಡ್ಡು ಕೊಡಿ, ಅವನು ಒಂದೇ ಒಂದು ಟಿಕ್ ತೆಗೆದಿದ್ದರೂ ಸರಿ. ನಾನು ಆ ಹುಡುಗನಿಗೆ ಈವೆಂಟ್ ವ್ಯೂವರ್ ದಾರಿ ತೋರಿಸಿದೆ. ಅವನು ಮೊಬೈಲಲ್ಲಿ ಫೋಟೋ ತೆಗೆದುಕೊಂಡ. ಭಾವ ಆವತ್ತಿನಿಂದ ಗಿರಾಕಿಗಳಿಗೆ ಹೇಳ್ತಾರಂತೆ, ಅಲ್ಲಿ ನೋಡಿಸೋಕೇ ಬೇರೆ ಚಾರ್ಜು, ಕೊಡಿ, ಕೊಸರಾಡಬೇಡಿ ಅಂತ.

ಮೇಷ್ಟ್ರ ಮನೆಗೂ ಹೋಗಿದ್ದೆ. ಫಾರ್ಮ್ಯಾಟ್ ಅಂತ ಮೊದಲು ಹೇಳಿದ್ದು ನಾನು ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ನೋಟ್‌ಬುಕ್ ತೆಗೆದು, ಮತ್ತೆ ಮಾಡಬೇಕಾದ ಕೆರೆಗಳ ಪಟ್ಟಿ ತೋರಿಸಿದರು. ನಾಲ್ಕು ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಇತ್ತು.

"ಇವನ್ನ ಹೇಳಿದವರು ಈಗಿಲ್ಲ ಕಣಪ್ಪ" ಅಂದರು.